ಅಂಡಾಶಯದ ಗುಳ್ಳೆ: ಕರಗಿಸಿದ್ದು ಕಷಾಯವೋ, ಕಾಲವೋ?

ಕಿಬ್ಬೊಟ್ಟೆಯಲ್ಲಿ ನೋವೆಂದೋ, ಮುಟ್ಟು ಏರುಪೇರಾಯಿತೆಂದೋ ವೈದ್ಯರ ಬಳಿಗೆ ಹೋದ ಹೆಣ್ಣುಮಗಳ ಕೈಗೆ ಸ್ಕ್ಯಾನಿಂಗ್ ವರದಿ ಬರುತ್ತದೆ. ಎಡ ಅಂಡಾಶಯದಲ್ಲಿ 4 ಸೆಂಟಿಮೀಟರಿನ ‘ಸಿಸ್ಟ್’ ಇದೆ ಎಂಬ ಒಂದು ಸಾಲು ಅದರಲ್ಲಿರುತ್ತದೆ. ‘ಗಾಬರಿಯಾಗಬೇಡಿ, ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ’ ಎಂದು ವೈದ್ಯರು ಕಳಿಸಿಬಿಡುತ್ತಾರೆ. ಮನೆಯಲ್ಲಿ ಮಾತ್ರ ಆ ಮಾತು ಯಾರಿಗೂ ಸಮಾಧಾನ ತರುವುದಿಲ್ಲ. ಹೊಟ್ಟೆಯೊಳಗೆ ಗಡ್ಡೆ ಇದೆ, ಅದಕ್ಕೆ ಔಷಧವಿಲ್ಲ ಎಂದರೆ ಸುಮ್ಮನೆ ಕೂರುವುದು ಹೇಗೆ? ಅತ್ತೆ ಮೆಂತ್ಯ ನೆನೆಸಿದ ನೀರು ಕುಡಿಸುತ್ತಾರೆ. ಪಕ್ಕದ ಮನೆಯವರು ಅಶೋಕದ ತೊಗಟೆಯ ಕಷಾಯವನ್ನು ಹೊಗಳುತ್ತಾರೆ. ಊರಿನಿಂದ ಬಂದ ಚಿಕ್ಕಮ್ಮ ಹರಳೆಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಹೊಟ್ಟೆಗೆ ಕಟ್ಟಿಕೊಳ್ಳುವುದನ್ನು ಕಲಿಸುತ್ತಾರೆ. ಮೂರು ತಿಂಗಳ ನಂತರದ ಸ್ಕ್ಯಾನಿಂಗಿನಲ್ಲಿ ಗುಳ್ಳೆ ಇರುವುದಿಲ್ಲ. ಕಷಾಯದ ಕೀರ್ತಿ ಬೀದಿಯ ನಾಲ್ಕು ಮನೆಗೆ ಹಬ್ಬುತ್ತದೆ.

ಈ ಕಥೆಯಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಗುಳ್ಳೆ ಇದ್ದದ್ದು ನಿಜ, ಕಷಾಯ ಕುಡಿದದ್ದು ನಿಜ, ಗುಳ್ಳೆ ಹೋದದ್ದೂ ನಿಜ. ಆದರೆ ಒಂದರಿಂದ ಇನ್ನೊಂದು ಆಯಿತೇ ಎಂಬುದು ಬೇರೆಯೇ ಪ್ರಶ್ನೆ. ಇದನ್ನು ವಿದ್ಯಾವಂತರ ತರ್ಕದ ಆಟವೆಂದು ತಳ್ಳಿಹಾಕುವಂತಿಲ್ಲ. ಒಬ್ಬಳ ಗುಳ್ಳೆ ಕರಗಿಸಿತೆಂಬ ಖ್ಯಾತಿ ಪಡೆದ ಅದೇ ಕಷಾಯವನ್ನು ನಂಬಿ, ಬೇರೆ ಜಾತಿಯ ಗುಳ್ಳೆಯಿರುವ ಇನ್ನೊಬ್ಬಳು ಆರು ತಿಂಗಳು ಕಳೆದರೆ ಅದಕ್ಕೆ ತೆರುವ ಬೆಲೆ ದೊಡ್ಡದು.

ತಿಂಗಳಿಗೊಂದು ಗುಳ್ಳೆ

ಗರ್ಭಕೋಶದ ಎರಡೂ ಬದಿಗೆ ಬಾದಾಮಿಯ ಆಕಾರದ, ಸುಮಾರು 3 ಸೆಂಟಿಮೀಟರ್ ಉದ್ದದ ಎರಡು ಅಂಡಾಶಯಗಳಿವೆ. ಹರೆಯದಿಂದ ಮುಟ್ಟು ನಿಲ್ಲುವವರೆಗೆ ಪ್ರತಿ ತಿಂಗಳೂ ಇಲ್ಲಿ ಹಲವು ಸಣ್ಣ ಕೋಶಗಳು ಬೆಳೆಯತೊಡಗುತ್ತವೆ. ಅವುಗಳಲ್ಲಿ ಸಾಮಾನ್ಯವಾಗಿ ಒಂದು ಮಾತ್ರ ನೀರು ತುಂಬಿಕೊಂಡು 2 ಸೆಂಟಿಮೀಟರ್ ಅಥವಾ ಅದಕ್ಕಿಂತ ತುಸು ಹೆಚ್ಚು ದಪ್ಪವಾಗಿ, ಒಡೆದು, ಒಳಗಿನ ಅಂಡವನ್ನು ಹೊರಬಿಡುತ್ತದೆ. 1672ರಲ್ಲಿ ಹಾಲೆಂಡಿನ ರೇನಿಯರ್ ಡಿ ಗ್ರಾಫ್ ಈ ಕೋಶಗಳನ್ನು ವಿವರವಾಗಿ ವರ್ಣಿಸಿದಾಗ ಕೋಶವನ್ನೇ ಅಂಡವೆಂದು ಭಾವಿಸಿದ್ದ. ಕೋಶದೊಳಗಿನ ನಿಜವಾದ ಅಂಡ ಕಣ್ಣಿಗೆ ಬೀಳಲು 1827ರವರೆಗೆ, ಕಾರ್ಲ್ ಫಾನ್ ಬೇರ್ ಎಂಬ ವಿಜ್ಞಾನಿಯವರೆಗೆ ಕಾಯಬೇಕಾಯಿತು.

ಅಂದರೆ ನೀರಿನ ಗುಳ್ಳೆ ಏಳುವುದು ಅಂಡಾಶಯದ ಮಾಸಿಕ ಕೆಲಸವೇ. ಯಾವುದೋ ತಿಂಗಳು ಕೋಶ ಒಡೆಯದೆ ಇನ್ನಷ್ಟು ಊದಿಕೊಳ್ಳಬಹುದು. ಇಲ್ಲವೇ ಅಂಡ ಹೊರಬಿದ್ದ ಮೇಲೆ ಉಳಿದ ಕೋಶವು ಮುಚ್ಚಿಕೊಂಡು ಅದರಲ್ಲಿ ನೀರೋ ರಕ್ತವೋ ತುಂಬಬಹುದು. ವೈದ್ಯರು ಕ್ರಿಯಾತ್ಮಕ ಗುಳ್ಳೆ ಎಂದು ಕರೆಯುವುದು ಇವನ್ನೇ. ಸಂತಾನ ವಯಸ್ಸಿನ ಹೆಂಗಸರಲ್ಲಿ ಕಾಣುವ ಗುಳ್ಳೆಗಳಲ್ಲಿ ಬಹುಪಾಲು ಈ ಜಾತಿಯವು. ಒಂದೆರಡು, ಹೆಚ್ಚೆಂದರೆ ಮೂರು ಋತುಚಕ್ರಗಳಲ್ಲಿ ಇವು ತಾವಾಗಿಯೇ ಕುಗ್ಗಿಹೋಗುತ್ತವೆ. ಎಷ್ಟೋ ಹೆಂಗಸರಿಗೆ ಇವು ಬಂದದ್ದೂ ತಿಳಿಯುವುದಿಲ್ಲ, ಹೋದದ್ದೂ ತಿಳಿಯುವುದಿಲ್ಲ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುವ ಗಾದೆ ಇಂಥ ಕಡೆಗೇ ಹೇಳಿದ್ದು. ತಾನಾಗಿ ವಾಸಿಯಾಗುವ ಕಾಯಿಲೆಗೆ ಯಾವ ಮದ್ದು ಕೊಟ್ಟರೂ ಅದು ಗೆದ್ದಂತೆ ಕಾಣುತ್ತದೆ. ಈ ತಪ್ಪು ಅಜ್ಜಿಯರದು ಮಾತ್ರವಲ್ಲ. ಗರ್ಭನಿರೋಧಕ ಗುಳಿಗೆ ಕೊಟ್ಟರೆ ಇಂಥ ಗುಳ್ಳೆ ಬೇಗ ಕರಗುತ್ತದೆಂದು ಆಧುನಿಕ ವೈದ್ಯರೂ ದಶಕಗಳ ಕಾಲ ನಂಬಿ ಬರೆದುಕೊಟ್ಟರು. ಗುಳಿಗೆ ಕೊಟ್ಟ ಹೆಂಗಸರನ್ನೂ ಕೊಡದೆ ಕಾದ ಹೆಂಗಸರನ್ನೂ ಹೋಲಿಸಿದ ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆಯ ಪರಿಶೀಲಕರು ಒಟ್ಟುಗೂಡಿಸಿ ನೋಡಿದರು. 2014ರಲ್ಲಿ ಪರಿಷ್ಕರಿಸಿದ ಆ ಪರಿಶೀಲನೆಯಲ್ಲಿ ಕಂಡದ್ದು ಇಷ್ಟೇ: ಗುಳಿಗೆಯಿಂದ ಲಾಭವಿಲ್ಲ, ಎರಡು ಮೂರು ಚಕ್ರ ಕಾಯುವುದೇ ಸರಿ. ಕಷಾಯಕ್ಕೆ ಸಿಕ್ಕ ಹುಸಿ ಕೀರ್ತಿ ಗುಳಿಗೆಗೂ ಸಿಕ್ಕಿತ್ತು.

ಹತ್ತು ತಿಂಗಳು ಕಾದ ಚರಕ

ಕಾಯುವುದು ಹೊಸ ಉಪಾಯವೇನೂ ಅಲ್ಲ. ಅಂಡಾಶಯದ ಗುಳ್ಳೆ ಎಂಬ ಹೆಸರಿನ ರೋಗ ನಮ್ಮ ಹಳೆಯ ವೈದ್ಯ ಗ್ರಂಥಗಳಲ್ಲಿ ಇಲ್ಲ. ಆದರೆ ಹೆಂಗಸರಿಗೆ ಮಾತ್ರ ಬರುವ ‘ರಕ್ತಗುಲ್ಮ’ವನ್ನು ಚರಕ ಸಂಹಿತೆ ವರ್ಣಿಸುತ್ತದೆ. ಮುಟ್ಟು ನಿಂತು ಹೊಟ್ಟೆ ಬೆಳೆಯುತ್ತದೆ, ಬಸುರಿಯ ಲಕ್ಷಣಗಳೇ ತೋರುತ್ತವೆ. ಆದರೆ ಅಲುಗುವಾಗ ಕೈಕಾಲುಗಳು ಬೇರೆ ಬೇರೆಯಾಗಿ ಅಲುಗದೆ ಇಡೀ ಮುದ್ದೆಯೇ ಅಲುಗುತ್ತದೆ. ಇದಕ್ಕೆ ಚಿಕಿತ್ಸೆ ಆರಂಭಿಸಬೇಕಾದದ್ದು ಹತ್ತನೆಯ ತಿಂಗಳು ಕಳೆದ ಮೇಲೆ ಎಂದು ಗ್ರಂಥ ಹೇಳುತ್ತದೆ. ಹೊಟ್ಟೆಯೊಳಗೆ ನೋಡುವ ದಾರಿಯೇ ಇಲ್ಲದ ಕಾಲದಲ್ಲಿ, ಗಡ್ಡೆಯೆಂದು ಮದ್ದು ಕೊಟ್ಟು ಮಗುವನ್ನು ಕೊಲ್ಲಬಾರದೆಂಬ ಎಚ್ಚರಿಕೆ ಇದರಲ್ಲಿದೆ. ಕಾಶ್ಯಪ ಸಂಹಿತೆ ಹೇಳುವ ‘ಪುಷ್ಪಘ್ನಿ’ಯ ವರ್ಣನೆಯಲ್ಲಿ ಮುಟ್ಟು ಬಂದರೂ ಫಲವಿಲ್ಲದ, ದಪ್ಪನೆಯ, ರೋಮ ಬೆಳೆದ ಕೆನ್ನೆಯ ಹೆಂಗಸು ಕಾಣುತ್ತಾಳೆ. ಇಂದಿನ ಆಯುರ್ವೇದ ಪಂಡಿತರು ಪಿ.ಸಿ.ಓ.ಎಸ್. ಕುರಿತು ಬರೆಯುವಾಗ ಇದನ್ನೇ ನೆನೆಯುತ್ತಾರೆ.

ಬಸಿರೋ ಗಡ್ಡೆಯೋ ಎಂಬ ಇದೇ ಗೊಂದಲ ಸಾವಿರಾರು ಮೈಲಿ ದೂರದ ಅಮೆರಿಕದಲ್ಲಿ ವೈದ್ಯಚರಿತ್ರೆಯ ದೊಡ್ಡ ಘಟನೆಯೊಂದಕ್ಕೆ ಕಾರಣವಾಯಿತು. 1809ರ ಡಿಸೆಂಬರಿನಲ್ಲಿ ಕೆಂಟಕಿಯ ಹಳ್ಳಿಯೊಂದಕ್ಕೆ ಈಫ್ರೇಮ್ ಮೆಕ್‌ಡೊವೆಲ್ ಎಂಬ ವೈದ್ಯನಿಗೆ ಕರೆ ಬಂತು. ಜೇನ್ ಟಾಡ್ ಕ್ರಾಫರ್ಡ್ ಎಂಬ ಹೆಂಗಸು ದಿನ ತುಂಬಿದರೂ ಹೆರುತ್ತಿಲ್ಲ, ಅವಳಿ ಮಕ್ಕಳಿರಬಹುದು ಎಂಬುದು ಅಲ್ಲಿನವರ ಊಹೆ. ಪರೀಕ್ಷಿಸಿದ ಮೆಕ್‌ಡೊವೆಲ್‌ಗೆ ಅದು ಮಗುವಲ್ಲ, ಅಂಡಾಶಯದ ಗಡ್ಡೆ ಎಂದು ತಿಳಿಯಿತು. ಹೊಟ್ಟೆ ಸೀಳಿದರೆ ಸಾವು ಖಚಿತ ಎಂದು ಆಗಿನ ದೊಡ್ಡ ವೈದ್ಯರೆಲ್ಲ ನಂಬಿದ್ದರು. ಆ ಮಾತನ್ನು ಅವನು ಮುಚ್ಚಿಡದೆ ಹೇಳಿದ, ಆಕೆ ಒಪ್ಪಿದಳು. ಸುಮಾರು 60 ಮೈಲಿ ಕುದುರೆಯ ಮೇಲೆ ಕುಳಿತು ಡ್ಯಾನ್‌ವಿಲ್ ಪಟ್ಟಣದ ಅವನ ಮನೆಗೆ ಬಂದಳು. ಅರಿವಳಿಕೆ ಬಳಕೆಗೆ ಬರಲು ಇನ್ನೂ ಮೂರೂವರೆ ದಶಕ ಬಾಕಿಯಿತ್ತು. 25 ನಿಮಿಷಗಳ ಶಸ್ತ್ರಕ್ರಿಯೆಯಲ್ಲಿ ಹೊರಬಂದದ್ದು ಸುಮಾರು 10 ಕಿಲೋ ತೂಕದ ಗಡ್ಡೆ. ಅಷ್ಟೂ ಹೊತ್ತು ಆಕೆ ಭಕ್ತಿಗೀತೆ ಹಾಡುತ್ತಿದ್ದಳಂತೆ. ಐದನೆಯ ದಿನ ವೈದ್ಯ ಬಂದು ನೋಡಿದಾಗ ಎದ್ದು ತನ್ನ ಹಾಸಿಗೆಯನ್ನು ತಾನೇ ಸರಿಪಡಿಸುತ್ತಿದ್ದಳು. ಮುಂದೆ 1842ರವರೆಗೆ, 78ನೆಯ ವಯಸ್ಸಿನವರೆಗೆ ಬದುಕಿದಳು.

ಆದರೆ ಒಳಗಿರುವುದು ಎಂಥ ಗುಳ್ಳೆ ಎಂದು ಹೊಟ್ಟೆ ಸೀಳದೆ ತಿಳಿಯುವ ಉಪಾಯ ಇನ್ನೂ ಇರಲಿಲ್ಲ. ಅದು ದೊರೆತದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಲೋಹದ ಬಿರುಕು ಹುಡುಕಲು ಬಾಯ್ಲರ್ ಕಾರ್ಖಾನೆಯಲ್ಲಿ ಬಳಸುತ್ತಿದ್ದ ಶಬ್ದಾತೀತ ತರಂಗದ ಯಂತ್ರದ ಮೇಲೆ ಇಯಾನ್ ಡೊನಾಲ್ಡ್ ಎಂಬ ಪ್ರಸೂತಿ ತಜ್ಞರಿಗೆ ಕುತೂಹಲ ಹುಟ್ಟಿತು. 1955ರಲ್ಲಿ ಅವರು ಶಸ್ತ್ರಕ್ರಿಯೆಯಲ್ಲಿ ತೆಗೆದ ಗಡ್ಡೆ, ಗುಳ್ಳೆಗಳನ್ನು ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಆ ಕಾರ್ಖಾನೆಗೇ ಹೋದರು. ನೀರು ತುಂಬಿದ ಗುಳ್ಳೆಯ ಪ್ರತಿಧ್ವನಿ ಒಂದು ಬಗೆ, ಗಟ್ಟಿ ಗಡ್ಡೆಯದು ಇನ್ನೊಂದು ಬಗೆ ಎಂದು ಸ್ಪಷ್ಟವಾಯಿತು. ಬಳಿಕ, ಹೊಟ್ಟೆಯ ಕ್ಯಾನ್ಸರ್ ಮಿತಿಮೀರಿದೆ, ಉಳಿಯುವುದಿಲ್ಲ ಎಂದು ಕೈಬಿಟ್ಟಿದ್ದ ಹೆಂಗಸೊಬ್ಬಳನ್ನು ಅವರ ತಂಡ ಪರೀಕ್ಷಿಸಿದಾಗ ಕಂಡದ್ದು ದೊಡ್ಡದೊಂದು ಅಂಡಾಶಯದ ಗುಳ್ಳೆ. ಅದನ್ನು ತೆಗೆದರು, ಆಕೆ ಬದುಕಿದಳು. 1958ರ ಜೂನ್‌ನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಇವರ ಲೇಖನದಿಂದ ಸ್ಕ್ಯಾನಿಂಗಿನ ಯುಗ ಆರಂಭವಾಯಿತೆನ್ನಬಹುದು.

ಸ್ಕ್ಯಾನಿಂಗ್ ಬಂದದ್ದರಿಂದ ಜೀವಗಳು ಉಳಿದವು. ಜೊತೆಗೆ, ಹಿಂದೆ ಯಾರಿಗೂ ತಿಳಿಯದೆ ಬಂದುಹೋಗುತ್ತಿದ್ದ ಗುಳ್ಳೆಗಳೂ ಕಾಗದದ ಮೇಲೆ ಮೂಡಿ ಭಯ ಹುಟ್ಟಿಸತೊಡಗಿದವು. ಆ ಭಯವನ್ನು ಹಣ ಮಾಡಿಕೊಂಡವರೂ ಉಂಟು. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಂಗಸರು ಹೊಟ್ಟೆನೋವೆಂದು ಹೋದರೆ ಗರ್ಭಕೋಶವನ್ನೇ ತೆಗೆದು ಕಳಿಸಿದರೆಂಬ ದೂರುಗಳು 2015ರ ಸುಮಾರಿಗೆ ಬೀದಿಗೆ ಬಂದವು. ಬೇರೆ ರಾಜ್ಯಗಳ ಇಂಥದೇ ದೂರುಗಳ ವಿಚಾರಣೆಯಲ್ಲಿ, ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಯನ್ನು ರಾಜ್ಯಗಳು ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಬೇಕಾಯಿತು. ಆಸ್ಪತ್ರೆಗಿಂತ ಕಷಾಯವೇ ವಾಸಿ ಎನ್ನುವ ಹೆಂಗಸರ ಮಾತಿನ ಹಿಂದೆ ಇಂಥ ಅನುಭವವೂ ಇದೆ ಎಂಬುದನ್ನು ಮರೆಯುವಂತಿಲ್ಲ.

ಹೆಸರೊಂದೇ, ಜಾತಿ ಹಲವು

ಗುಳ್ಳೆ ಎಂಬ ಒಂದೇ ಮಾತಿನ ಕೆಳಗೆ ಹಲವು ಬೇರೆ ಬೇರೆ ಕಾಯಿಲೆಗಳಿವೆ. ಕೂದಲು, ಕೊಬ್ಬು, ಕೆಲವೊಮ್ಮೆ ಹಲ್ಲು ಕೂಡ ಇರುವ ‘ಡರ್ಮಾಯ್ಡ್’ ಗುಳ್ಳೆ ಒಂದು. ಗರ್ಭಕೋಶದ ಒಳಪೊರೆಯಂಥ ಅಂಗಾಂಶ ಅಂಡಾಶಯದಲ್ಲಿ ಬೆಳೆದು, ಹಳೆಯ ರಕ್ತ ಕಟ್ಟಿ ಕಂದುಬಣ್ಣದ ಪಾಕದಂತಾಗುವ ‘ಚಾಕೊಲೇಟ್ ಸಿಸ್ಟ್’ ಇನ್ನೊಂದು. ಅಂಡಾಶಯದ ಹೊರಪದರದ ಜೀವಕೋಶಗಳಿಂದ ಹುಟ್ಟಿ ವರ್ಷಗಟ್ಟಲೆ ಬೆಳೆಯುವ ಗಡ್ಡೆ ಮತ್ತೊಂದು. ಇವು ತಿಂಗಳ ಚಕ್ರದೊಡನೆ ಬಂದುಹೋಗುವವಲ್ಲ. ಇವುಗಳನ್ನು ಕರಗಿಸುವ ಆಹಾರವಾಗಲಿ, ಬೇರು ನಾರಾಗಲಿ ಇದೆಯೆಂದು ಯಾವ ಪ್ರಯೋಗವೂ ತೋರಿಸಿಲ್ಲ. ಕೊನೆಯದಾಗಿ ಕ್ಯಾನ್ಸರ್. ಸಣ್ಣ ವಯಸ್ಸಿನಲ್ಲಿ ಇದು ಅಪರೂಪ. ಮುಟ್ಟು ನಿಂತ ಮೇಲೆ ಸಂಭವ ಹೆಚ್ಚು.

ಎಲ್ಲಕ್ಕಿಂತ ಹೆಚ್ಚು ಗೊಂದಲ ಪಿ.ಸಿ.ಓ.ಎಸ್. ಎಂಬ ಬಹುಗುಳ್ಳೆಯ ಅಂಡಾಶಯದ್ದು. 1935ರಲ್ಲಿ ಷಿಕಾಗೋದ ಸ್ಟೈನ್ ಮತ್ತು ಲೆವೆಂತಾಲ್ ಎಂಬ ವೈದ್ಯರು ಏಳು ಮಂದಿ ಹೆಂಗಸರ ಕಥೆ ಬರೆದು ಇದನ್ನು ಗುರುತಿಸಿದರು. ಹೆಸರಿನಲ್ಲಿ ಗುಳ್ಳೆ ಇದ್ದರೂ ಸ್ಕ್ಯಾನಿಂಗಿನಲ್ಲಿ ಮಣಿಸರದಂತೆ ಕಾಣುವುದು ರೋಗದ ಗುಳ್ಳೆಗಳಲ್ಲ, ಪೂರ್ತಿ ಬೆಳೆಯದೆ ಅರ್ಧಕ್ಕೆ ನಿಂತ ಅದೇ ಮಾಸಿಕ ಕೋಶಗಳು. ಈ ಹೆಸರು ದಾರಿ ತಪ್ಪಿಸುತ್ತದೆ, ಬದಲಿಸಬೇಕು ಎಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಮಂಡಳಿ 2012ರಲ್ಲಿ ಸಲಹೆ ಮಾಡಿತ್ತು. ಪಿ.ಸಿ.ಓ.ಎಸ್. ಇಡೀ ದೇಹದ ಹಾರ್ಮೋನುಗಳ ಏರುಪೇರು. ಬಹಳ ಮಂದಿಯಲ್ಲಿ ಇನ್ಸುಲಿನ್‌ಗೆ ದೇಹ ಸರಿಯಾಗಿ ಓಗೊಡುವುದಿಲ್ಲ. ದೇಹ ಇನ್ನೂ ಹೆಚ್ಚು ಇನ್ಸುಲಿನ್ ಸುರಿಸುತ್ತದೆ. ಅದು ಅಂಡಾಶಯವನ್ನು ಕೆರಳಿಸಿ ಗಂಡು ಹಾರ್ಮೋನನ್ನು ಹೆಚ್ಚಿಸುತ್ತದೆ. ಮುಟ್ಟು ತಿಂಗಳುಗಟ್ಟಲೆ ಮುಂದೆ ಹೋಗುವುದು, ಗಲ್ಲದಲ್ಲಿ ಕೂದಲು, ಮೊಡವೆ, ತೂಕ ಎಲ್ಲವೂ ಇದರಿಂದ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸಂತಾನ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 10ರಿಂದ 13 ಮಂದಿಗೆ ಇದು ಇದೆ.

ಊಟ ನಿಜವಾಗಿ ಕೆಲಸ ಮಾಡುವ ಜಾಗ

ಆಹಾರಕ್ಕೆ ಸಲ್ಲಬೇಕಾದ ಕೀರ್ತಿ ಇರುವುದು ಇಲ್ಲಿ. ತೂಕ ಹೆಚ್ಚಿರುವ ಪಿ.ಸಿ.ಓ.ಎಸ್. ರೋಗಿ ತನ್ನ ತೂಕದಲ್ಲಿ ನೂರಕ್ಕೆ 5ರಿಂದ 10ರಷ್ಟು ಇಳಿಸಿದರೂ ಸಾಕು, ಎಷ್ಟೋ ಮಂದಿಗೆ ಮುಟ್ಟು ಕ್ರಮಕ್ಕೆ ಬರುತ್ತದೆ. 70 ಕಿಲೋ ಇರುವವಳಿಗೆ ಇದು ಮೂರೂವರೆಯಿಂದ ಏಳು ಕಿಲೋ. ತೂಕ ಇಳಿಯದಿದ್ದರೂ ವ್ಯಾಯಾಮದಿಂದ ಇನ್ಸುಲಿನ್ ಸುಧಾರಿಸುತ್ತದೆ. ಯಾವ ಒಂದು ಆಹಾರ ಪದ್ಧತಿಯೂ ಇನ್ನೊಂದಕ್ಕಿಂತ ಮೇಲೆಂದು ಹೇಳಲು ಆಧಾರವಿಲ್ಲ, ಬಹುಕಾಲ ನಡೆಸಿಕೊಂಡು ಹೋಗಬಲ್ಲ ಹಿತವಾದ ಊಟವೇ ಒಳ್ಳೆಯದು ಎಂಬುದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಸಾರಾಂಶ.

ಇದಕ್ಕೆ ದೂರದ ಹಣ್ಣು, ದುಬಾರಿ ಪುಡಿಗಳು ಬೇಡ. ಸೊಪ್ಪು, ಹುರುಳಿ, ಹೆಸರುಕಾಳು, ಅವರೆ ಹಾಕಿದ ಸಾರಿನೊಡನೆ ಅಳತೆಯ ಒಂದು ರಾಗಿಮುದ್ದೆ. ತಟ್ಟೆ ತುಂಬ ಪಾಲಿಶ್ ಅಕ್ಕಿಯ ಅನ್ನಕ್ಕೆ ಬದಲು ಅರ್ಧ ತಟ್ಟೆ ಪಲ್ಯ, ಕೋಸಂಬರಿ. ದಿನಕ್ಕೆ ನಾಲ್ಕೈದು ಲೋಟ ಸಕ್ಕರೆ ಹಾಕಿದ ಕಾಫಿ, ಟೀಗೆ ಕಡಿವಾಣ. ಬೇಕರಿಯ ಮೈದಾ ತಿನಿಸನ್ನು ಹಬ್ಬಕ್ಕೆ ಮೀಸಲಿಟ್ಟರೆ ಇನ್ನೂ ಒಳ್ಳೆಯದು. ರಾಗಿಯಲ್ಲಿ ನಾರಿನ ಅಂಶವಿದೆ, ಸುಣ್ಣದ ಅಂಶವೂ ಧಾರಾಳ. ಆದರೆ ಸಕ್ಕರೆ ಬೆರೆಸಿದ ರಾಗಿ ಮಾಲ್ಟ್ ಅದೇ ಫಲ ಕೊಡುವುದಿಲ್ಲ. ಬೆಲ್ಲವೂ ದೇಹಕ್ಕೆ ಸಕ್ಕರೆಯೇ. ವಾರದಲ್ಲಿ ಐದು ದಿನ ಅರ್ಧ ಗಂಟೆ ಬಿರುಸಿನ ನಡಿಗೆ ಇದರೊಡನೆ ಸೇರಬೇಕು. ಮನೆಯವರಿಗೆಲ್ಲ ಬಡಿಸಿ, ಉಳಿದ ಅನ್ನವನ್ನು ಸಾರಿನ ತಿಳಿಯೊಡನೆ ಉಂಡು ಮುಗಿಸುವ ಹೆಂಗಸಿಗೆ ಇವು ಹೇಳುವಷ್ಟು ಸುಲಭವಲ್ಲ. ಅವಳ ತಟ್ಟೆ ಬದಲಾಗಬೇಕಾದರೆ ಮನೆಯ ಅಡಿಗೆಯೇ ಬದಲಾಗಬೇಕು.

ಮೆಂತ್ಯದಿಂದ ಅಶೋಕದವರೆಗೆ

ಮನೆಮದ್ದುಗಳನ್ನು ಒಂದೊಂದಾಗಿ ತೂಗಿ ನೋಡಬಹುದು. ಮೆಂತ್ಯದ ನಾರು ಊಟದ ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನಿಸುತ್ತದೆ. ಆದ್ದರಿಂದ ಪಿ.ಸಿ.ಓ.ಎಸ್. ಇರುವವರಿಗೆ ಅಷ್ಟಿಷ್ಟು ಉಪಯೋಗವಾಗಬಹುದು. ಆದರೆ ಮಧುಮೇಹದ ಮಾತ್ರೆ ನುಂಗುವವರು ವೈದ್ಯರಿಗೆ ತಿಳಿಸದೆ ಹೆಚ್ಚು ಮೆಂತ್ಯ ತಿಂದರೆ ಸಕ್ಕರೆ ವಿಪರೀತ ಇಳಿಯಬಹುದು. ಪುದೀನದ ಟೀ ಗಂಡು ಹಾರ್ಮೋನನ್ನು ತುಸು ತಗ್ಗಿಸಿತೆಂದು 2007ರಲ್ಲಿ ಟರ್ಕಿಯ ಸಣ್ಣ ಅಧ್ಯಯನವೊಂದು ಹೇಳಿತು. ಹೊಟ್ಟೆಗೆ ಬಿಸಿ ಹರಳೆಣ್ಣೆ ಬಟ್ಟೆ ಇಟ್ಟರೆ ನೋವಿಗೆ ಹಾಯೆನಿಸುವುದು ನಿಜ. ಆ ಸುಖ ಶಾಖದ್ದು. ಬಿಸಿನೀರಿನ ಚೀಲ ಇಟ್ಟರೂ ಅಷ್ಟೇ ಸುಖ. ಚರ್ಮದ ಮೇಲಿನ ಎಣ್ಣೆ ಅಂಡಾಶಯದ ಗುಳ್ಳೆಯನ್ನು ಕರಗಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ.

ಅಶೋಕದ ಕಥೆ ಇನ್ನೂ ಸ್ವಾರಸ್ಯಕರ. ಹೆಂಗಸರ ಅತಿಸ್ರಾವಕ್ಕೆ ಅದರ ತೊಗಟೆಯನ್ನು ಬಳಸುವ ಪರಂಪರೆ ಬಹಳ ಹಳೆಯದು. ‘ಅಶೋಕಾರಿಷ್ಟ’ದ ಪಾಠ ‘ಭೈಷಜ್ಯ ರತ್ನಾವಳಿ’ಯಲ್ಲಿದೆ. ಕೆಂಪು ಕಿತ್ತಳೆ ಬಣ್ಣದ ಹೂಗೊಂಚಲಿನ ಈ ನಿಜವಾದ ಅಶೋಕ ಪಶ್ಚಿಮ ಘಟ್ಟದ ಹಳ್ಳಕೊಳ್ಳಗಳ ಮರ. ತೊಗಟೆಗಾಗಿ ಸುಲಿದು ಸುಲಿದು ಅಪಾಯದ ಪಟ್ಟಿ ಸೇರಿದೆ. ಬೇಡಿಕೆ ಹೆಚ್ಚಾದಂತೆ ಬೀದಿ ಬದಿಯಲ್ಲಿ ಕಂಬದಂತೆ ನೆಟ್ಟಗೆ ಬೆಳೆಯುವ, ಅಶೋಕವೆಂಬ ಹೆಸರಷ್ಟೇ ಇರುವ ಬೇರೆ ಕುಲದ ಮರದ ತೊಗಟೆಯೂ ಅಂಗಡಿಯ ಚೀಲ ಸೇರುತ್ತದೆ. ಹೀಗಾಗಿ ಕುಡಿದ ಕಷಾಯ ಯಾವ ಮರದ್ದೆಂಬುದೇ ಕೆಲವೊಮ್ಮೆ ಖಾತ್ರಿಯಿರುವುದಿಲ್ಲ. ಸಹಜವಾದದ್ದು ನಿರಪಾಯ ಎಂಬ ನಂಬಿಕೆಗೂ ಮಿತಿಯಿದೆ. ಇಂಟರ್‌ನೆಟ್ ಮೂಲಕ ಮಾರುವ ಆಯುರ್ವೇದ ಔಷಧಗಳನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಸುಮಾರು ಐದನೇ ಒಂದು ಭಾಗದಲ್ಲಿ ಸೀಸ, ಪಾದರಸ ಅಥವಾ ಪಾಷಾಣ ಸಿಕ್ಕಿತ್ತು. ಮಗು ಬೇಕೆಂದು ಬಯಸುವ ಹೆಂಗಸಿಗೆ ಇವು ವಿಷವೇ. ಹೆಸರು ಗೊತ್ತಿಲ್ಲದ ಪುಡಿಗಿಂತ, ಓದಿದ ಆಯುರ್ವೇದ ವೈದ್ಯರು ಬರೆದುಕೊಟ್ಟ, ಪರವಾನಗಿ ಇರುವ ಔಷಧ ಮೇಲು.

ಯಾವಾಗ ಕಾಯಬಾರದು

ಕಾಯುವುದೇ ಮದ್ದು ಎನ್ನುವಾಗ ಕಣ್ಣುಮುಚ್ಚಿ ಕಾಯಬೇಕೆಂದು ಅರ್ಥವಲ್ಲ. ನೀರಷ್ಟೇ ತುಂಬಿದ, 5 ಸೆಂಟಿಮೀಟರಿನೊಳಗಿನ ಗುಳ್ಳೆ ಮುಟ್ಟಾಗುವ ವಯಸ್ಸಿನಲ್ಲಿ ಸಾಮಾನ್ಯವಾಗಿ ನಿರುಪದ್ರವಿ. ಅದಕ್ಕಿಂತ ದೊಡ್ಡದಾದರೆ, ಒಳಗೆ ಗಟ್ಟಿ ಭಾಗವಿದ್ದರೆ, ಮೂರು ಚಕ್ರ ಕಳೆದರೂ ಹಾಗೆಯೇ ಉಳಿದರೆ ಮತ್ತೆ ವೈದ್ಯರ ಕಣ್ಣಿಗೆ ಬೀಳಲೇಬೇಕು. ಮದುವೆಯಾಗದ ಹುಡುಗಿಯರು ಪರೀಕ್ಷೆಗೆ ಅಂಜಿ ಹಿಂದೆ ಸರಿಯುವುದುಂಟು. ಮೂತ್ರ ತುಂಬಿಕೊಂಡು ಹೊಟ್ಟೆಯ ಮೇಲಿನಿಂದ ಮಾಡುವ ಸ್ಕ್ಯಾನಿಂಗ್ ಬಹುಮಟ್ಟಿಗೆ ಸಾಕಾಗುತ್ತದೆ ಎಂಬುದನ್ನು ತಾಯಂದಿರು ತಿಳಿದಿರಬೇಕು.

ದೊಡ್ಡ ಗುಳ್ಳೆಯ ಭಾರಕ್ಕೆ ಅಂಡಾಶಯ ತನ್ನ ಬುಡದಲ್ಲಿ ತಿರುಚಿಕೊಂಡರೆ ರಕ್ತ ನಿಂತುಹೋಗುತ್ತದೆ. ಇದ್ದಕ್ಕಿದ್ದಂತೆ ಒಂದು ಕಡೆ ತಡೆಯಲಾರದ ನೋವು, ವಾಂತಿ ಇದರ ಗುರುತು. ಇಲ್ಲಿ ಲೆಕ್ಕ ತಿಂಗಳಲ್ಲಲ್ಲ, ಗಂಟೆಗಳಲ್ಲಿ. ಬಿಸಿ ಶಾಖ ಕೊಟ್ಟು ಬೆಳಗಾಗಲಿ ಎಂದು ಕಾದರೆ ಅಂಡಾಶಯವೇ ಹೋಗಬಹುದು. ತಲೆಸುತ್ತು, ಜ್ವರ ಜೊತೆಗಿದ್ದರೂ ಅದೇ ರಾತ್ರಿ ಆಸ್ಪತ್ರೆ ಸೇರಬೇಕು.

ಇನ್ನೊಂದು ಅಪಾಯ ಸದ್ದಿಲ್ಲದ್ದು. ಐವತ್ತು ದಾಟಿದ ಹೆಂಗಸಿಗೆ ವಾರಗಟ್ಟಲೆ ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಪದೇ ಪದೇ ಮೂತ್ರಕ್ಕೆ ಹೋಗುವುದು. ನಮ್ಮ ಮನೆಗಳಲ್ಲಿ ಇದಕ್ಕಿರುವ ಹೆಸರು ‘ಗ್ಯಾಸ್’, ಮದ್ದು ಓಮದ ನೀರು ಮತ್ತು ಇಂಗು. ಬಹಳ ಸಲ ಅದು ಗ್ಯಾಸೇ ಆಗಿರುತ್ತದೆ. ಆದರೆ ಅಂಡಾಶಯದ ಕ್ಯಾನ್ಸರ್ ಆರಂಭದಲ್ಲಿ ತೋರುವ ಗುರುತುಗಳೂ ಇವೇ. ಮುಟ್ಟು ನಿಂತ ಮೇಲೆ ಕಂಡ ಯಾವುದೇ ಹೊಸ ಗುಳ್ಳೆಗೆ ಸ್ಕ್ಯಾನಿಂಗಿನೊಡನೆ ಸಿಎ-125 ಎಂಬ ರಕ್ತಪರೀಕ್ಷೆಯನ್ನೂ ವೈದ್ಯರು ಮಾಡಿಸುವುದು ಈ ಕಾರಣಕ್ಕೆ.

ಮೊದಲ ವರದಿ ಬಂದ ದಿನ ಕೇಳಬೇಕಾದ ಪ್ರಶ್ನೆಗಳು ಮೂರು: ಇದು ಯಾವ ಜಾತಿಯ ಗುಳ್ಳೆ, ಎಷ್ಟು ದೊಡ್ಡದು, ಮುಂದಿನ ಸ್ಕ್ಯಾನಿಂಗ್ ಯಾವಾಗ. ಗರ್ಭಕೋಶವನ್ನೇ ತೆಗೆಯಬೇಕೆಂದು ಯಾರಾದರೂ ಅವಸರಪಡಿಸಿದರೆ ಇನ್ನೊಬ್ಬ ಸ್ತ್ರೀರೋಗ ತಜ್ಞರ ಅಭಿಪ್ರಾಯ ಕೇಳಬೇಕು. ಆ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟ ಮೇಲೆ ಮೆಂತ್ಯದ ನೀರು ಕುಡಿಯಲು, ಸೊಪ್ಪಿನ ಸಾರು ಉಣ್ಣಲು ಅಡ್ಡಿಯಿಲ್ಲ. ಗುಳ್ಳೆ ಹೋಗಿದ್ದರೆ ಕೀರ್ತಿಯನ್ನು ಅತ್ತೆಗೇ ಕೊಟ್ಟರಾಯಿತು. ಹೋಗದಿದ್ದರೆ ಅದು ಸಮಯಕ್ಕೆ ಸರಿಯಾಗಿ ತಿಳಿದಿರುತ್ತದೆ.